ಅಂಪಕ್ಕನ ಉಪವಾಸ

ಅವರೆಕಾಳು ಹಿತುಕುವವರ ಮುಂದೆ ವಿಜ್ಞಾನ ಮಾತಾಡಬಾರದು ಎಂಬುದನ್ನು ನಿರಂಜನನಿಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಮಹಡಿ ಇಳಿದು ಬಂದಾಗ, ಕೊಡಿಗೇಹಳ್ಳಿಯ ಆ ಮನೆಯ ಒಡತಿ ಮುನಿನಾರಾಯಣಮ್ಮ ಜಗುಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಹಿತಕಿದ ಬೇಳೆ ಸಾರು ಮಾಡಿದ ದಿನ ಮಹಡಿಯ ಬಾಡಿಗೆದಾರನಿಗೂ ಊಟ ಅವರಲ್ಲೇ. ಅದಕ್ಕಾಗಿಯೇ ನಿರಂಜನ ತಿಂಡಿ ತಿಂದಿರಲಿಲ್ಲ. ಹೊಟ್ಟೆಯಲ್ಲಿ ಜಾಗ ಕಾಯ್ದಿರಿಸುವುದರಲ್ಲಿ ಅವನು ರೈಲ್ವೆಯವರಿಗಿಂತ ಕಟ್ಟುನಿಟ್ಟು.

"ನಿರಂಜನಪ್ಪಾ, ಆ ಲ್ಯಾಬಲ್ಲಿ ನೀನು ಮಾಡೋದಾದ್ರೂ ಏನು?"

ಎರಡು ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಅರ್ಧ ಸತ್ಯ ಅವನಿಗೆ ಒಗ್ಗದು.

"ರಕ್ತನಾಳದ ಒಳಗಡೆ ತೆಳ್ಳಗೆ ಒಂದು ಪದರ ಜೀವಕೋಶ ಇರತ್ತಮ್ಮಾ, ಗೋಡೆಗೆ ಸುಣ್ಣ ಬಳಿದ ಹಾಗೆ. ಆ ಕೋಶದಲ್ಲಿ ಆಂಪ್-ಕೆ ಅಂತ ಒಂದು ಕಿಣ್ವ. ಶಕ್ತಿ ಕಮ್ಮಿ ಆದ್ರೆ ಮೊದಲು ಗೊತ್ತಾಗೋದು ಅದಕ್ಕೇ. ತಕ್ಷಣ ಎದ್ದು ದುಂದುವೆಚ್ಚ ನಿಲ್ಲಿಸತ್ತೆ. ನಾಳ ಸಡಿಲ ಆಗೋಕೂ ಸಹಾಯ ಮಾಡತ್ತೆ."

"ಸಡಿಲ ಆದ್ರೆ?"

"ರಕ್ತ ಸರಾಗ ಹರಿಯತ್ತೆ, ಒತ್ತಡ ಇಳಿಯತ್ತೆ."

ಮುನಿನಾರಾಯಣಮ್ಮನ ಕೈ ನಿಂತಿತು. ಅವರ ಗಂಡ ಬ್ಯಾಟರಾಯಪ್ಪನವರಿಗೆ ಬಿ.ಪಿ. ಇತ್ತು. "ಈ ಅಂಪಕ್ಕ ಯಾವಾಗ ಎದ್ದೇಳ್ತಾಳೆ?"

"ಕೋಶಕ್ಕೆ ಹಸಿವಾದಾಗ. ಆದ್ರೆ ಅಮ್ಮಾ, ಇದು ತಟ್ಟೇಲಿ ಬೆಳೆಸಿದ ಕೋಶದ ಮಾತು. ಒಂದು ತಟ್ಟೆಗೆ ಊಟ ಹಾಕ್ತೀವಿ, ಇನ್ನೊಂದನ್ನ ಉಪವಾಸ ಇಡ್ತೀವಿ, ಎರಡನ್ನೂ ಹೋಲಿಸ್ತೀವಿ. ಒಂದೇ ಸಲಕ್ಕೆ ನಂಬೋದೂ ಇಲ್ಲ."

'ಆದ್ರೆ' ಎಂಬುದರಿಂದಾಚೆಗಿನದನ್ನು ಅವರೆಕಾಳು ಮಾತ್ರ ಕೇಳಿಸಿಕೊಂಡಂತಿತ್ತು. ನಿರಂಜನ ಹೆಬ್ಬಾಳದ ಲ್ಯಾಬಿಗೆ ಹೋದ. ತಾನು ಖಾಲಿ ಹೊಟ್ಟೆಯಲ್ಲಿದ್ದರೂ ತಟ್ಟೆಯ ಕೋಶಗಳಿಗೆ ಶ್ರದ್ಧೆಯಿಂದ ಊಟ ಹಾಕಿದ.

ಮಧ್ಯಾಹ್ನ ಮರಳಿ ಬೀದಿಗೆ ಕಾಲಿಟ್ಟವನು ಮೂಗು ಅರಳಿಸಿದ. ಸಾರಿನ ವಾಸನೆಯಿಲ್ಲ. ಒಗ್ಗರಣೆಯ ಸದ್ದೂ ಇಲ್ಲ. ಪಕ್ಕದ ಮನೆಯ ಆಶಾರಾಣಿ ಮೊಬೈಲ್ ಹಿಡಿದು ಓಡಿಬಂದಳು.

"ಸಾರ್, ಅಂಪಕ್ಕನಿಗೆ ಯಾವ ಹೂವು ಇಷ್ಟ? ಬೀದಿ ಗ್ರೂಪಲ್ಲಿ ಎಲ್ಲಾ ಕೇಳ್ತಿದಾರೆ."

"ಅದು ದೇವರಲ್ಲ ಮೇಡಂ, ಕಿಣ್ವ!"

"ಕಣ್ಣಿಗೆ ಕಾಣದೆ ಒಳಗೇ ಕೂತು ಕಾಯ್ತಾಳೆ ಅಂತ ನೀವೇ ಅಂದ್ರಂತೆ. ಇನ್ನೇನ್ ಸಾರ್ ದೇವ್ರು ಅಂದ್ರೆ?"

ಗ್ರೂಪಿನಲ್ಲಿ ಅವಳೇ ಹಾಕಿದ್ದ ಪ್ರಕಟಣೆ ಹೊಳೆಯುತ್ತಿತ್ತು: 'ಇಂದು ಅಂಪಕ್ಕನ ಉಪವಾಸ. ಬಿ.ಪಿ. ಇರುವವರು ತಪ್ಪದೇ ಆಚರಿಸಿ.' ಕೆಳಗೆ ಅಂಪಕ್ಕನ ಮೂಲಸ್ಥಾನ ಚಿಕ್ಕಬಾಣಾವರ ಎಂದು ಒಬ್ಬರು, ಅಲ್ಲ ಅಟ್ಟೂರು ಎಂದು ಇನ್ನೊಬ್ಬರು ಜಗಳಕ್ಕೆ ಬಿದ್ದಿದ್ದರು.

ಜಗುಲಿಯ ಮೇಲೆ ಬ್ಯಾಟರಾಯಪ್ಪ ಗಾಳಿ ಇಳಿದ ಟ್ರ್ಯಾಕ್ಟರ್ ಟಯರಿನಂತೆ ಕುಸಿದಿದ್ದರು. "ಲೇ ನಿರಂಜನಾ, ನನ್ನ ಒಟ್ಟೆ ಮ್ಯಾಲೆ ಒಡೆದ್ಯಲ್ಲೋ! ಬಾಡಿಗೆ ಏನಾರ ಜಾಸ್ತಿ ಕೇಳಿದ್ನಾ ನಾನು?"

"ಯಜಮಾನ್ರೇ, ಬಿ.ಪಿ. ಮಾತ್ರೆ?"

"ಅದೊಂದು ನುಂಗ್ಸಿದ್ಲು. ಊಟ ಅಂತ ಇವತ್ತು ಅದೇಯ."

ನಿರಂಜನ ಗಾಬರಿಯಾಗಿ ಒಳಗೆ ನುಗ್ಗಿದ. "ಅಮ್ಮಾ, ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಉಪವಾಸ ಇರಲೇಬಾರದು!"

"ಮತ್ತೆ ಅಂಪಕ್ಕ ಎಂಗೆ ಎದ್ದೇಳ್ತಾಳಪ್ಪಾ?"

ಕಿಣ್ವದ ಪಾಠ ಮತ್ತೆ ಶುರುಮಾಡಿದರೆ ರಾತ್ರಿಯ ಊಟವೂ ಹೋಗುತ್ತದೆ. ಹಸಿದ ಮೆದುಳಿಗೆ ಒಂದು ಉಪಾಯ ಹೊಳೆಯಿತು. "ಎಲ್ಲರೂ ಉಪವಾಸ ಇದ್ರೆ ಏನೂ ಗೊತ್ತಾಗಲ್ಲಮ್ಮಾ. ಹೋಲಿಸೋಕೆ ಉಂಡ ತಟ್ಟೇನೂ ಬೇಕು!" ಉಂಡ ತಟ್ಟೆ ಯಾರಾಗಬೇಕು ಎಂಬುದನ್ನು ಅವನು ಮನಸ್ಸಿನಲ್ಲೇ ತೀರ್ಮಾನಿಸಿಯಾಗಿತ್ತು.

ಮುನಿನಾರಾಯಣಮ್ಮ ಗಲ್ಲಕ್ಕೆ ಕೈ ಹಚ್ಚಿದರು. "ಔದು, ಬೆಳಿಗ್ಗೇನೂ ಇದನ್ನೇ ಅಂದೆ." ಒಲೆ ಹತ್ತಿತು. ಉಪವಾಸ ಬಿಡಲು ಅಂಪಕ್ಕನ ಅಪ್ಪಣೆಯಾಗಿದೆ ಎಂದು ಆಶಾರಾಣಿ ಗ್ರೂಪಿನಲ್ಲಿ ಸಾರಿದಳು. ಬೀದಿಯುದ್ದಕ್ಕೂ ಕುಕ್ಕರುಗಳು ಕೂಗಿದವು. ನಿರಂಜನ ಕೈ ತೊಳೆದು ಬಂದು ಕೂತ.

ಎರಡು ತಟ್ಟೆ ಬಂದವು. ಒಂದರಲ್ಲಿ ಆವಿಯಾಡುವ ಮುದ್ದೆ, ಮೇಲೆ ತುಪ್ಪ, ಸುತ್ತ ಸಾರು. ಅದು ಬ್ಯಾಟರಾಯಪ್ಪನವರ ಮುಂದೆ ಕೂತಿತು. ನಿರಂಜನನ ತಟ್ಟೆ ಬೆಳಗಿದ ಕನ್ನಡಿಯಂತೆ ಖಾಲಿಯಿತ್ತು. ಅದರಲ್ಲಿ ತನ್ನ ಮುಖ ನೋಡಿಕೊಂಡು ಅವನು ಕಾದ. ಸೌಟು ಬರಲಿಲ್ಲ.

"ಅಮ್ಮಾ, ನನಗೆ?"

"ನೀನು ಉಪವಾಸದ ತಟ್ಟೆ ಕಣಪ್ಪಾ. ಇವರು ಮಾತ್ರೆ ನುಂಗೋರು, ಬ್ಯಾಡ ಅಂತ ನೀನೇ ಅಂದೆ. ಬೀದಿಯೋರೆಲ್ಲ ಉಣ್ಣಾಕೆ ಕೂತವ್ರೆ. ಇನ್ನು ಉಳಿದೋನು ನೀನೊಬ್ನೇ."

ಬ್ಯಾಟರಾಯಪ್ಪ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಪ್ರತಿ ತುತ್ತಿಗೂ ನಿರಂಜನನ ಗಂಟಲು ಬರಿದೇ ಏರಿ ಇಳಿಯಿತು. ಊಟ ಮುಗಿದ ಮೇಲೆ ಮುನಿನಾರಾಯಣಮ್ಮ ಬಿ.ಪಿ. ನೋಡುವ ಮಿಷನ್ ತಂದು ಇಬ್ಬರ ತೋಳಿಗೂ ಸುತ್ತಿ ನೋಡಿದರು.

"ಅಯ್ಯೋ! ಉಂಡೋರ್ದು ಕಮ್ಮಿ ಐತೆ, ಉಪವಾಸದೋನ್ದೇ ಜಾಸ್ತಿ ಐತೆ!"

ನಿರಂಜನನ ಮುಖ ಅರಳಿತು. "ನೋಡಿದ್ರಾ? ಉಪವಾಸದಿಂದ ಏನೂ ಪ್ರಯೋಜನ ಇಲ್ಲ. ಈಗ ಬಡಿಸಿಬಿಡಿ ಅಮ್ಮಾ."

ಬ್ಯಾಟರಾಯಪ್ಪ ತೃಪ್ತಿಯಿಂದ ತೇಗಿದರು. "ಅಂಗೆಲ್ಲಾ ಆತ್ರ ಪಡಬಾರದು ಕಣೋ. ಒಂದೇ ಸಲಕ್ಕೆ ನಂಬಬಾರದು ಅಂತ ನೀನೇ ಅಂದ್ಯಂತಲ್ಲ?" ಎಂದವರೇ ಹೆಂಡತಿಯ ಕಡೆಗೆ ತಟ್ಟೆ ನೂಕಿದರು. "ಇನ್ನೊಂದ್ಸಲ ನೋಡಾನ. ಆಕು, ಇನ್ನೊಂದು ಮುದ್ದೆ."