ಫೇಲಾಗುತ್ತಲೇ ಓದಿದ ನಮ್ಮ ದೊಡ್ಡಪ್ಪ

ನಮ್ಮ ವಂಶದಲ್ಲಿ ದೊಡ್ಡಪ್ಪನಷ್ಟು ಓದಿದವರು ಯಾರೂ ಇಲ್ಲ. ಅವರಷ್ಟು ಸಲ ಫೇಲಾದವರೂ ಇಲ್ಲ! ಎರಡು ಎಂ.ಎ. ಮಾಡಿ, ಶಿವಮೊಗ್ಗದ ಕಾಲೇಜೊಂದರಲ್ಲಿ ಜೀವಮಾನವಿಡೀ ಸಂಸ್ಕೃತ ಪಾಠ ಹೇಳಿದವರು ಫೇಲಾಗಿದ್ದೆಲ್ಲಿ ಎನ್ನುತ್ತೀರಾ? ರಿಟೈರಾದ ಮೇಲೆ, ಭದ್ರಾವತಿಯಲ್ಲಿ. ಜನ್ನಾಪುರದ ಮನೆಗೆ ಬಂದು ನೆಲೆಸಿದವರೇ, ತಮಗೆ ಬಾರದ್ದನ್ನೆಲ್ಲ ಇನ್ನು ಕಲಿಯುತ್ತೇನೆಂದು ಸಾರಿಬಿಟ್ಟರು. ಬಾರದ್ದು ಎಷ್ಟಿದೆ ಎಂಬ ಅಂದಾಜು ಅವರಿಗಿಂತ ದೊಡ್ಡಮ್ಮನಿಗೆ ಚೆನ್ನಾಗಿತ್ತು. ಅವರು ಗಾಬರಿಯಾದರು.

ಮೊದಲು ಸೈಕಲ್. ಸಮತೋಲನದ ತತ್ತ್ವವನ್ನೆಲ್ಲ ಮನೆಯಲ್ಲೇ ಓದಿಕೊಂಡು ನ್ಯೂ ಟೌನಿನ ಅಗಲವಾದ ರಸ್ತೆಗೆ ಹೋದವರು, ಹಾಲಿನ ಬೂತಿನ ಎದುರೇ ಬಿದ್ದರು. ಜನ ಓಡಿಬಂದರು. ದೊಡ್ಡಪ್ಪ ನೆಲದ ಮೇಲೆ ಕೂತಲ್ಲಿಂದಲೇ, ದೃಷ್ಟಿ ದಾರಿಯ ಮೇಲಿರದೆ ಚಕ್ರದ ಮೇಲಿದ್ದದ್ದೇ ಪತನಕ್ಕೆ ಕಾರಣ ಎಂದು ವಿವರಿಸತೊಡಗಿದರು. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಎತ್ತಲು ಬಂದವರು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಪಾಠ ಕೇಳುತ್ತಿದ್ದರು.

ಆಮೇಲೆ ತಮಿಳು. ಪಕ್ಕದ ಮನೆಯ ಸೆಲ್ವಿಯಮ್ಮ ತಮಿಳಿನವರು, ಗಂಡ ಕಾರ್ಖಾನೆಯಲ್ಲಿದ್ದವರು. ಅವರ ಭಾಷೆಯಲ್ಲೇ ಮಾತಾಡಬೇಕೆಂದು ದೊಡ್ಡಪ್ಪ ಹಳೆಯ ವ್ಯಾಕರಣವೊಂದನ್ನು ತಂದು ಓದಿ, ಒಂದು ಬೆಳಿಗ್ಗೆ ಕಾಂಪೌಂಡಿನ ಬಳಿ ನಿಂತು ದೀರ್ಘವಾದ ವಾಕ್ಯವೊಂದನ್ನು ಹೇಳಿದರು. ಸೆಲ್ವಿಯಮ್ಮ ಪೂರ್ತಿ ಕೇಳಿಸಿಕೊಂಡು, "ನಮ್ಮ ತಾತನ ತಾತಂಗೆ ಅರ್ಥ ಆಗ್ತಿತ್ತೇನೋ ಸಾರ್. ಕನ್ನಡದಲ್ಲೇ ಹೇಳಿ, ಕರಿಬೇವು ಬೇಕಾ?" ಎಂದರು.

ಬೇಕಾಗಿದ್ದದ್ದು ಕರಿಬೇವೇ!

ಚೌಕಾಸಿ ಕಲಿಯಲು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದದ್ದು ಇನ್ನೊಂದು ಕಥೆ. ದೊಡ್ಡಮ್ಮ ಬೆಡ್‌ಶೀಟಿಗೆ ಕಳಿಸಿದ್ದರು. ದೊಡ್ಡಪ್ಪ ಅಂಗಡಿಯವನನ್ನು ನೂಲು ಯಾವುದು, ಬಣ್ಣ ಹೇಗೆ ಹಾಕುತ್ತಾರೆ ಎಂದೆಲ್ಲ ಕೇಳಿದರು. ಪಾಪ, ಅವನೂ ಉತ್ಸಾಹದಿಂದ ಹೇಳಿದ. ಕೊನೆಗೆ ಅವನು ಹೇಳಿದ ಬೆಲೆಯನ್ನೇ ಕೊಟ್ಟು, ಕೈಮುಗಿದು ಬಂದರು. ಪಾಠ ಹೇಳಿದವರ ಹತ್ತಿರ ಚೌಕಾಸಿ ಮಾಡುವುದು ಹೇಗೆ ಎಂಬುದು ಅವರ ಪ್ರಶ್ನೆ.

ಇಷ್ಟು ಓದಿ ಏನು ಬಂತು ಎಂದು ನೆಂಟರೆಲ್ಲ ನಗುತ್ತಿದ್ದರು. ದೊಡ್ಡಪ್ಪನೂ ನಗುತ್ತಿದ್ದರು. "ಏನೇನು ಬರಲ್ಲ ಅಂತ ಗೊತ್ತಾಯ್ತಲ್ಲ ಮಾರಾಯ" ಎನ್ನುತ್ತಿದ್ದರು. ಈಗ ಅವರೂ ಇಲ್ಲ, ದೊಡ್ಡಮ್ಮನೂ ಇಲ್ಲ. ನಾವು ನಾಲ್ಕು ಜನ ಸೇರಿದರೆ ಇವೇ ಕಥೆಗಳು. ಆದರೆ ಒಂದನ್ನು ಹೇಳುವಾಗ ಮಾತ್ರ ಯಾರೂ ನಗುವುದಿಲ್ಲ.

ದೊಡ್ಡಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿತು. ಆ ವಯಸ್ಸಿನಲ್ಲೂ ಅವರ ಕೂದಲು ಸೊಂಟ ಮುಟ್ಟುತ್ತಿತ್ತು. ಜಡೆ ಹಾಕಿಕೊಳ್ಳದೆ ಬಾಗಿಲಿಗೆ ಬಂದವರಲ್ಲ. ನೋಡಿಕೊಳ್ಳಲು ಬಂದಿದ್ದ ಮಗಳು, ಕತ್ತರಿಸಿಬಿಟ್ಟರೆ ಸುಲಭ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ದೊಡ್ಡಮ್ಮ "ಆಯ್ತು, ಕತ್ತರಿಸಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡು ಸೆಲ್ವಿಯಮ್ಮನ ಮನೆಗೆ ಹೋದರು.

ಮರುವಾರ ನಾನು ಹೋದಾಗ ಅವರ ಹಳೆಯ ಪಂಚೆಯೊಂದು ಮೂರು ಸೀಳಾಗಿ ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ದೊಡ್ಡಪ್ಪ ಅದನ್ನು ಹೆಣೆಯುತ್ತಿದ್ದರು, ಬಿಚ್ಚುತ್ತಿದ್ದರು. ಸೆಲ್ವಿಯಮ್ಮ ಕಾಂಪೌಂಡಿನಾಚೆಯಿಂದ, ಸಾರ್ ಹಾಕುತ್ತಿರುವುದು ಜಡೆಯಲ್ಲ, ಬಾವಿ ಹಗ್ಗ ಎಂದು ವರದಿ ಕೊಟ್ಟರು. ದೊಡ್ಡಪ್ಪ ತಲೆಯಾಡಿಸಿ ಮತ್ತೆ ಬಿಚ್ಚಿದರು.

ಮಾರನೆಯ ಬೆಳಿಗ್ಗೆ ದೊಡ್ಡಮ್ಮನನ್ನು ಹಾಲ್‌ನಲ್ಲಿ ಸ್ಟೂಲಿನ ಮೇಲೆ ಕೂರಿಸಿದರು. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸತೊಡಗಿದರು. ಬಾಚಣಿಗೆ ಎರಡು ಸಲ ಇಳಿಯುವಷ್ಟರಲ್ಲಿ ದೊಡ್ಡಮ್ಮನ ಕಣ್ಣಿಂದ ನೀರು ಬಂತು. ದೊಡ್ಡಪ್ಪನ ಕೈ ನಿಂತಿತು.

"ನೋವಾಯ್ತಾ?"

"ಇಲ್ಲ." ಎಡಗೈಯಿಂದ ಕಣ್ಣೊರೆಸಿಕೊಂಡು ದೊಡ್ಡಮ್ಮ ಹೇಳಿದರು: "ನಮ್ಮಮ್ಮ ಹೋದ್ಮೇಲೆ ನನ್ನ ತಲೆ ಯಾರೂ ಬಾಚಿರ್ಲಿಲ್ಲ ರೀ."

ದೊಡ್ಡಪ್ಪ ಕೂದಲನ್ನು ಎಡಗೈಯಲ್ಲಿ ಒಟ್ಟುಮಾಡಿ ಹಿಡಿದು, ಬಾಚಣಿಗೆಯನ್ನು ಮತ್ತೆ ಮೇಲಿನಿಂದ ಎಳೆದರು, ಈ ಸಲ ಇನ್ನೂ ನಿಧಾನವಾಗಿ.