ಹೆಬ್ಬಾಗಿಲಿನ ತಾತ್ಕಾಲಿಕ ಅಗುಳಿ

ನಮ್ಮ ರಾಜ್ಯದಲ್ಲಿ ಒಟ್ಟು ಹದಿನೇಳು ಪ್ರಾಂತ್ಯಗಳಿವೆ. ಅವುಗಳ ಪೈಕಿ ಹದಿನಾರು ಸದ್ಯಕ್ಕೆ ಶತ್ರುವಿನ ವಶದಲ್ಲಿವೆ. ಇದನ್ನು ಅವನತಿ ಎನ್ನುವವರಿದ್ದಾರೆ. ಅನ್ನಲಿ, ಆಡುವವರ ಬಾಯಿಗೆ ಬೀಗ ಹಾಕಲಾದೀತೇ? ಆಸ್ಥಾನದ ಇತಿಹಾಸಕಾರನಾದ ನಾನು ಹೇಳುವುದಿಷ್ಟೇ: ಪ್ರಾಂತ್ಯಗಳು ಹೋದರೂ ಪ್ರಾಂತ್ಯಾಧಿಕಾರಿಗಳು ಹೋಗಿಲ್ಲ. ಹದಿನಾರು ಮಂದಿಯೂ ಕಡತಗಳ ಗಂಟು ಹೊತ್ತು ಅರಮನೆಗೆ ಬಂದು, ತಲೆಗೊಂದು ಕೋಣೆ ಹಿಡಿದು, ಎಂದಿನಂತೆ ಆಡಳಿತ ನಡೆಸುತ್ತಿದ್ದಾರೆ. ಮಹಾರಾಜರು ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಬೆಚ್ಚಗಿದ್ದಾರೆ.

ಇಂಥ ನೆಮ್ಮದಿಯ ಕಾಲದಲ್ಲಿ ಕೋಟೆಯ ಹೆಬ್ಬಾಗಿಲಿನ ಅಗುಳಿ ಮುರಿಯಿತು. ಬಾಗಿಲು ಮುಚ್ಚಿದ ಮೇಲೆ ಒಳಗಿನಿಂದ ಅಡ್ಡ ಹಾಕುವ ತೊಲೆ ಅದು. ಬಾಗಿಲು ಕಾಯುವವನು ಬೆನ್ನು ಕೊಟ್ಟು ಕದ ಒತ್ತಿ ಹಿಡಿದು, "ಯಾರಾದರೂ ಬನ್ರಪ್ಪೋ!" ಎಂದು ಕೂಗಿದ. ಸಾಮಾನುಗಳ ಅಧಿಕಾರಿ ಬಂದು ನೋಡಿ ಸಂತೋಷಪಟ್ಟರು.

"ಭೇಷ್! ಚೆನ್ನಾಗಿ ನಿಂತಿದೀಯ. ಹಾಗೇ ಇರು."

"ಎಷ್ಟು ಹೊತ್ತು ಸ್ವಾಮಿ?"

"ಹೊಸ ತೊಲೆ ಬರೋ ತನಕ."

ಅಂದೇ ಆಜ್ಞೆ ಹೊರಟಿತು. "ಹೊಸ ಅಗುಳಿ ದೊರೆಯುವವರೆಗೆ ಬಾಗಿಲು ಕಾಯುವವನನ್ನೇ ತಾತ್ಕಾಲಿಕ ಅಗುಳಿಯೆಂದು ಪರಿಗಣಿಸತಕ್ಕದ್ದು. ಅಗುಳಿಗೆ ರಜೆ, ಊಟ ಮತ್ತು ಅಭಿಪ್ರಾಯ ಇರತಕ್ಕದ್ದಲ್ಲ. ವರ್ಷಕ್ಕೊಮ್ಮೆ ಎಣ್ಣೆ ಹಚ್ಚತಕ್ಕದ್ದು."

ಮರುದಿನ ಅವನ ಹೆಂಡತಿ, ಕಂಕುಳಲ್ಲಿ ಹಸುಗೂಸು, ಕೈಯಲ್ಲಿ ಬುತ್ತಿ ಹಿಡಿದು ಬಂದಳು. ಗಂಡನ ಬಾಯಿಗೆ ತುತ್ತಿಡುತ್ತಿದ್ದಾಗ ಅಧಿಕಾರಿ ಗದರಿದರು.

"ಏನಮ್ಮಾ ಇದು? ಅಗುಳಿ ಎಲ್ಲಾದರೂ ಉಣ್ಣುತ್ತಾ?"

"ಉಣಿಸ್ತಿಲ್ಲ ಸ್ವಾಮಿ. ಬಿರುಕು ಬಿಟ್ಟಿದೆ, ಮೆತ್ತುತ್ತಿದೀನಿ."

ಅಧಿಕಾರಿ ನಿಯಮ ತಿರುವಿ ನೋಡಿದರು. ದುರಸ್ತಿಗೆ ಅಡ್ಡಿಯಿರಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಎರಡು ಸಲ ಎಣ್ಣೆ ಹಚ್ಚಲಾಯಿತು. ಹಸುಗೂಸು ನಡೆಯತೊಡಗಿತು.

"ರೀ, ಮನೆಗೆ ಬನ್ರೀ," ಎಂದು ಅವಳು ಒಂದು ಮಧ್ಯಾಹ್ನ ಅತ್ತೇಬಿಟ್ಟಳು. "ಮಗಳು ಯಾರ ಮನೆ ಬಾಗಿಲು ಕಂಡರೂ 'ಅಪ್ಪಾ' ಅಂತ ತಬ್ಬಿಕೊಳ್ತಾಳೆ."

"ನನಗೇನು ಆಸೆ ಇಲ್ವೇನೇ? ಒಂದು ತೊಲೆ ಬಂದರೆ ಆ ಕ್ಷಣಾನೇ ಬರ್ತೀನಿ."

ಬಡಗಿ ತನ್ನ ಹಿತ್ತಲ ಮರವನ್ನೇ ಕಡಿದು ಕೊಡುತ್ತೇನೆಂದಿದ್ದ. ಅರಣ್ಯ ಪ್ರಾಂತ್ಯದ ಅಧಿಕಾರಿ ಒಪ್ಪಲಿಲ್ಲ. ಕೋಟೆಯ ಮರಗೆಲಸಕ್ಕೆಲ್ಲ ತಮ್ಮ ಪ್ರಾಂತ್ಯದ ಮರವೇ ಆಗಬೇಕು, ತಾವು ಬದುಕಿರುವಾಗ ಹಿತ್ತಲ ಮರಕ್ಕೆ ಕೈಹಾಕಿದರೆ ಕುರ್ಚಿಗೇ ಅವಮಾನ ಎಂದರು. ಅವರ ಪ್ರಾಂತ್ಯ ಶತ್ರುವಿನ ಪಾಲಾಗಿ ಹನ್ನೊಂದು ವರ್ಷವಾಗಿತ್ತು.

ಹೆಂಡತಿ ಅವರ ಕೋಣೆಗೇ ನುಗ್ಗಿದಳು. "ಹಾಗಾದರೆ ಹೋಗಿ ಆ ಶತ್ರುನ್ನೇ ಕೇಳಿ! ನಿಮ್ಮ ಮನೆ ಹಾಳಾಗ!"

ಕೊನೆಯ ಮಾತನ್ನು ಬಿಟ್ಟು ಉಳಿದದ್ದನ್ನು ಅರ್ಜಿಯೆಂದು ಸ್ವೀಕರಿಸಲಾಯಿತು. ಶತ್ರುವಿಗೆ ಪತ್ರ ಹೊರಟಿತು. "ನಮ್ಮ ಕೋಟೆಯ ಹೆಬ್ಬಾಗಿಲಿಗೆ ಅಗುಳಿ ಇಲ್ಲದಿರುವುದರಿಂದಲೂ, ಸದರಿ ಬಾಗಿಲನ್ನು ಒಬ್ಬನೇ ಮನುಷ್ಯ ಹಿಡಿದು ನಿಂತಿರುವುದರಿಂದಲೂ, ಹನ್ನೆರಡು ಮೊಳದ ತೊಲೆಯೊಂದನ್ನು ವಿಳಂಬವಿಲ್ಲದೆ ಕಳಿಸಿಕೊಡುವ ಕೃಪೆಯಾಗಬೇಕು."

ಒಂಬತ್ತೇ ದಿನಕ್ಕೆ ಉತ್ತರ ಬಂತು. ಇಷ್ಟು ಬೇಗ ಉತ್ತರ ಬರೆಯುವ ರಾಜ್ಯ ಬಹಳ ದಿನ ಬಾಳಲಾರದೆಂದು ಅಧಿಕಾರಿಗಳು ಮರುಗಿದರು. "ತೊಲೆ ಸಿದ್ಧವಿದೆ. ಬಹಳ ಭಾರವಿರುವುದರಿಂದ ಹೊತ್ತು ತರಲು ನಾಲ್ಕು ಸಾವಿರ ಜನ ಬರುತ್ತಾರೆ," ಎಂದಿತ್ತು. ಅಷ್ಟು ಜನರನ್ನು ಎಲ್ಲಿ ಕೂರಿಸುವುದೆಂಬ ಬಗ್ಗೆ ಮೂರು ದಿನ ಸಭೆ ನಡೆಯಿತು.

ಅವರು ಬಂದೇಬಿಟ್ಟರು. ಬಾಗಿಲು ಕಾಯುವವನು ಕದದ ಸಂದಿಯಲ್ಲಿ ಇಣುಕಿ ಸಾಮಾನುಗಳ ಅಧಿಕಾರಿಯನ್ನು ಕೂಗಿದ.

"ಸ್ವಾಮಿ, ಹೊತ್ತು ತಂದವರ ಕೈಲೆಲ್ಲ ಕತ್ತಿ ಇದೆ!"

"ಮರ ಕಡಿಯೋರ ಕೈಲಿ ಮತ್ತೇನಿರುತ್ತೆ, ಹೂವಿನ ಹಾರವಾ? ತೆಗಿ ಬಾಗಿಲು."

"ಬೇಡ ಸ್ವಾಮಿ, ಕಾಲಿಗೆ ಬೀಳ್ತೀನಿ. ಮನೆಗೆ ಹೋಗೋ ಆಸೆ ನನಗಿಂತ ಯಾರಿಗಿದೆ? ಆದರೂ ಬೇಡ."

"ಅಗುಳಿಗೆ ಅಭಿಪ್ರಾಯ ಇಲ್ಲ ಅಂತ ಆಜ್ಞೇಲೇ ಇದೆಯಲ್ಲೋ!"

ನಾಲ್ಕು ಜನ ಆಳುಗಳು ಅವನನ್ನು ಎತ್ತಿ ಪಕ್ಕಕ್ಕಿಟ್ಟರು. ನಾಲ್ಕು ಸಾವಿರ ಜನ ಒಳಬಂದರು. ಶತ್ರುವಿನ ದಂಡನಾಯಕ ಮಾತಿಗೆ ತಪ್ಪದವನು. ಮೊದಲು ಬಾಗಿಲು ಮುಚ್ಚಿಸಿ ತೊಲೆ ಕೂರಿಸಿದ, ಆಮೇಲೆ ಅರಮನೆಗೆ ಹೋದ. ತೊಲೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಸಂಜೆಯೊಳಗೆ ಎಲ್ಲ ಅಧಿಕಾರಿಗಳೂ ಅವನ ಅಧಿಕಾರಿಗಳಾದರು, ಕೋಣೆ ಕೂಡ ಬದಲಾಯಿಸಬೇಕಾಗಲಿಲ್ಲ. ನಾನು ಇತಿಹಾಸದಲ್ಲಿ ಬರೆದೆ: "ಈ ಶುಭದಿನ ನಮ್ಮ ರಾಜ್ಯವು ತಾನು ಕಳೆದುಕೊಂಡಿದ್ದ ಹದಿನಾರು ಪ್ರಾಂತ್ಯಗಳನ್ನೂ ಮರಳಿ ಸೇರಿಕೊಂಡಿತು."

ಬಾಗಿಲು ಕಾಯುವವನು ಮನೆಯತ್ತ ಹೆಜ್ಜೆ ಹಾಕಿದ. ಸಾಮಾನುಗಳ ಅಧಿಕಾರಿ ತಡೆದರು.

"ಎಲ್ಲಿಗೆ? ನೀನು ಕೋಟೆಯ ಸಾಮಾನು. ಹಳೇ ಸಾಮಾನಿನ ಕೊಠಡಿಗೆ ನಡಿ."

ಒಡೆದ ಹಂಡೆ, ಕಾಲಿಲ್ಲದ ಮಂಚಗಳ ನಡುವೆ ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸಲಾಯಿತು. ಹೆಂಡತಿ ಗೋಳಾಡಲಿಲ್ಲ, ಅಳುವುದನ್ನೆಲ್ಲ ಅತ್ತು ಮುಗಿಸಿದ್ದಳು. ನಿಯಮ ಓದಲು ಬರುವವರನ್ನು ಹುಡುಕಿಕೊಂಡು ನನ್ನ ಬಳಿ ಬಂದಳು. ಒಂದು ನಿಯಮ ಹುಡುಕಿಕೊಟ್ಟೆ: ಕೆಲಸಕ್ಕೆ ಬಾರದ ಮರದ ಸಾಮಾನನ್ನು ಬಡವರಿಗೆ ಸೌದೆಯಾಗಿ ಕೊಡಬಹುದು. ಸುಟ್ಟ ಬೂದಿಯನ್ನು ತಿಂಗಳೊಳಗೆ ತಂದೊಪ್ಪಿಸತಕ್ಕದ್ದು.

ಅವಳು ಹೆಬ್ಬೆಟ್ಟೊತ್ತಿ ಸೌದೆಯನ್ನು ಕೈಹಿಡಿದು ಕರೆದುಕೊಂಡು ಹೋದಳು.

ತಿಂಗಳು ತುಂಬುವ ಮುನ್ನ ಬೂದಿ ಬಂತು. ಬುಟ್ಟಿ ಹೊತ್ತು ತಂದವನು ಬಾಗಿಲು ಕಾಯುತ್ತಿದ್ದವನೇ, ಜೊತೆಗೆ ಹೆಂಡತಿ. ಅಧಿಕಾರಿ ಬುಟ್ಟಿಯೊಳಗೆ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು.

"ಏನಮ್ಮಾ, ಅಷ್ಟುದ್ದದ ಅಗುಳಿಗೆ ಇಷ್ಟೇ ಬೂದಿನಾ?"

"ಒಳಗೆಲ್ಲ ಟೊಳ್ಳಾಗಿತ್ತು ಸ್ವಾಮಿ. ಎರಡು ವರ್ಷ ಬರೀ ಬೆನ್ನ ಮೇಲೆ ನಿಂತಿತ್ತು."

"ನಿಜ, ನಿಜ. ಪಾಪ, ಒಳ್ಳೇ ಅಗುಳಿ," ಎಂದು ಅಧಿಕಾರಿ ನಿಟ್ಟುಸಿರುಬಿಟ್ಟರು. ಆಮೇಲೆ ಬುಟ್ಟಿ ಹೊತ್ತವನ ಕಡೆ ತಿರುಗಿ, "ಚೆನ್ನಾಗಿ ಕೊಡವಪ್ಪಾ, ಅದರದ್ದು ಒಂದು ಚೂರೂ ನಿಮ್ಮ ಹತ್ರ ಉಳೀಬಾರದು," ಎಂದರು.

ಅವನು ಎರಡು ಸಲ ಕೊಡವಿ, ಖಾಲಿ ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು, ಹೆಂಡತಿಯ ಜೊತೆ ಮನೆಗೆ ಹೋದ.