ಕೆಂಪಂಚಿನ ಟುವಾಲು

ತಿರುಪತಿ ಮಾಸ್ತರನ ಕಷ್ಟಕ್ಕೆಲ್ಲ ಕಾರಣ ಕಣ್ಣಿಗೆ ಕಾಣದ ಒಂದು ಪ್ರೋಟೀನು. ಕುಷ್ಟಗಿಯಲ್ಲಿ ತಾತ್ಕಾಲಿಕ ಉಪನ್ಯಾಸಕನಾಗಿ ಸವೆದುಹೋಗಿದ್ದ ಅವನಿಗೆ ಅಂದು ಕೊಪ್ಪಳದ ಕಾಲೇಜೊಂದರಲ್ಲಿ ಕಾಯಂ ನೌಕರಿಯ ಸಂದರ್ಶನ. ವಿಷಯ ಮೊದಲೇ ತಿಳಿಸಿದ್ದರು: ಸ್ಟೀರಾಯ್ಡ್ ಹಾರ್ಮೋನನ್ನು ಹಿಡಿದುಕೊಂಡ ಗ್ರಾಹಕ ಪ್ರೋಟೀನು ಡಿಎನ್‌ಎ ಮೇಲೆ ಗಟ್ಟಿಯಾಗಿ ಕೂರಲು ಸಹಾಯಕ ಪ್ರೋಟೀನು ಹೇಗೆ ನೆರವಾಗುತ್ತದೆ? ಅದು ಡಿಎನ್‌ಎಯನ್ನು ತುಸು ಬಾಗಿಸಿ, ಗ್ರಾಹಕನನ್ನು ಕೂರಿಸಿ, ತಾನು ಹೊರಟುಹೋಗುತ್ತದಂತೆ. ಬಾಯಿಪಾಠವೇನೋ ಆಗಿತ್ತು, ತಲೆಗೆ ಹತ್ತಿರಲಿಲ್ಲ. ತಾನು ಕೂರದವನು ಇನ್ನೊಬ್ಬನನ್ನು ಕೂರಿಸುವುದೇಕೆ?

ಹತ್ತಿ ತುಂಬಿದ ಅಂಡಿಗೆ ಚೀಲದಂತೆ ಬಸ್ಸು ಉಬ್ಬಿ ನಿಂತಿತ್ತು. ಕಳಿಸಲು ಬಂದಿದ್ದ ನೆರೆಮನೆಯ ಶಫೀಸಾಬ ಕಿಟಕಿಯೊಳಗೆ ಇಣುಕಿದ.

"ಮಾಸ್ತರ, ಬಾಗಲದಿಂದ ಹತ್ತಾಕ ಹೋದ್ರ ಅಂಗಿ ಹರೀತೈತಿ. ಇಲ್ಲೊಂದು ಸೀಟು ಐತ್ರಿ. ಯಾರದೋ ಟುವಾಲು ಅಷ್ಟ ಬಿದ್ದೈತಿ."

"ಟುವಾಲು ಹಾಕಿದವ್ರು ಬರತಾರಲ್ಲೋ!"

"ಚಾ ಕುಡ್ಯಾಕ ಹೋಗಿರತಾರ," ಎಂದಳು ಜೊತೆಗೆ ಬಂದಿದ್ದ ಎದುರುಮನೆಯ ಮುದುಕವ್ವ. "ಚಾ ದೊಡ್ಡದೋ, ನಿನ್ನ ನೌಕರಿ ದೊಡ್ಡದೋ? ಹೊರಗ ಒಗಿಯೋ ಶಫೀ ಅದನ್ನ!"

ಸೀಟಿನ ಮೇಲೆ ಬಿದ್ದ ಟುವಾಲೆಂದರೆ ಪಹಣಿಯಲ್ಲಿ ಹೆಸರು ಬಿದ್ದ ಹೊಲವಿದ್ದಂತೆ. ಇಡೀ ತಾಲೂಕು ಅದನ್ನು ಒಪ್ಪುತ್ತಿತ್ತು. ಶಫೀಸಾಬ ಒಪ್ಪಲಿಲ್ಲ. ಕೆಂಪಂಚಿನ ಟುವಾಲು ಹಾರಿ ರಾಡಿಯಲ್ಲಿ ಬಿತ್ತು. ಅವನು ಕಿಟಕಿಯ ಸಡಿಲ ಸರಳನ್ನು ಬಾಗಿಸಿ ಹಿಡಿದ. ಮುದುಕವ್ವ ಕೆಸರಲ್ಲಿ ಹೂತ ಚಕ್ಕಡಿ ಗಾಡಿಯನ್ನು ನೂಕುವಂತೆ ಹಿಂದಿನಿಂದ ನೂಕಿದಳು. ತಿರುಪತಿ ತಲೆಕೆಳಗಾಗಿ ಒಳಗೆ ಬಿದ್ದು, ಹೊರಳಿ, ಸೀಟಿಗೆ ಅಚ್ಚುಕಟ್ಟಾಗಿ ಕೂತ.

"ನನ್ನ ಟುವಾಲು ಯಾವನಲೇ ಒಗದಾಂವ?" ಎಂದು ಹೊರಗೆ ಯಾರೋ ಗರ್ಜಿಸಿದರು. ಶಫೀಸಾಬನೂ ಮುದುಕವ್ವನೂ ಮಾಯ! ತಿರುಪತಿ ತಲೆಯನ್ನು ಮೊಣಕಾಲ ನಡುವೆ ಹುದುಗಿಸಿದ. ಬಸ್ಸು ಹೊರಟಿತು. ಆಗ ಅವನ ತಲೆಯೊಳಗೆ ದೀಪ ಹತ್ತಿತು.

"ಸಹಾಯಕ ಪ್ರೋಟೀನು!" ಎಂದು ಅವನು ಕೂಗಿದ ಹೊಡೆತಕ್ಕೆ ಪಕ್ಕದ ಸೀಟಿನಲ್ಲಿದ್ದ ಕೋಳಿ ಮಾರುವ ಬಾಷಾಬಿ ಕೋಳಿಬುಟ್ಟಿ ಅವಚಿಕೊಂಡು ಸರಿದು ಕೂತಳು.

ಸಂದರ್ಶನ ತಡವಾಗಿ ಶುರುವಾಯಿತು. ಹೊರಗಿನಿಂದ ಬರಬೇಕಿದ್ದ ಮುಖ್ಯ ಪರಿಣತರು ಬಸ್ಸು ತಪ್ಪಿ, ಉಳ್ಳಾಗಡ್ಡಿ ಲಾರಿಯಲ್ಲಿ ಬಂದಿಳಿದಿದ್ದರು. ತಲೆಯ ತುಂಬ ಈರುಳ್ಳಿ ಸಿಪ್ಪೆ, ಕಣ್ಣಲ್ಲಿ ನೀರು.

"ಹೂಂ, ಹೇಳ್ರಿ," ಎಂದರು.

ತಿರುಪತಿ ಹೇಳಿದ್ದೇ ಹೇಳಿದ್ದು. ಬಸ್ಸೇ ಡಿಎನ್‌ಎ, ನಾನೇ ಗ್ರಾಹಕ, ಜೇಬಿನೊಳಗಿನ ಸಂದರ್ಶನದ ಪತ್ರವೇ ಹಾರ್ಮೋನು, ಶಫೀಸಾಬನೇ ಸಹಾಯಕ! ಸರಳು ಬಾಗಿದ್ದು, ಟುವಾಲು ಹಾರಿದ್ದು, ಏನನ್ನೂ ಬಿಡಲಿಲ್ಲ. ಉಳಿದ ಸಂದರ್ಶಕರು ಮೇಜು ಬಡಿದು ನಕ್ಕರು.

ಪರಿಣತರು ನಗಲಿಲ್ಲ. "ಟುವಾಲಿನ ಅಂಚು ಯಾವ ಬಣ್ಣದ್ದರಿ?"

"ಕೆಂಪ್ರಿ ಸರ್," ಎಂದ ಅವನು ಹೆಮ್ಮೆಯಿಂದ.

ಪರಿಣತರು ಚೀಲದಿಂದ ರಾಡಿ ಮೆತ್ತಿದ ಟುವಾಲೊಂದನ್ನು ತೆಗೆದು ಮೇಜಿನ ಮೇಲೆ ಹರವಿದರು. ಅಂಚು ಕೆಂಪಗಿತ್ತು.

"ಕಡೀ ಪ್ರಶ್ನಿ. ಈಗ ನಿಮ್ಮ ಸಹಾಯಕ ಎಲ್ಲಿರತಾನ?"

ತಿರುಪತಿ ಕುರ್ಚಿಯ ಅಂಚಿಗೆ ಸರಿದ. "ಆಗಲೇ ಹೊಂಟುಹೋಗಿರತಾನ್ರಿ ಸರ್."

"ಉತ್ತರ ಬರೋಬ್ಬರಿ ಐತಿ," ಎಂದರು ಪರಿಣತರು. "ಮುಂದಿನವ್ರನ್ನ ಕಳಸ್ರಿ."

ಮರಳುವ ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇತ್ತು, ಮೇಲೊಂದು ಟುವಾಲು. ಅದರ ಒಡೆಯ ಕುಷ್ಟಗಿಯವರೆಗೂ ಬರಲಿಲ್ಲ. ತಿರುಪತಿ ನಿಂತೇ ಬಂದ.